ಬಂಡೆಯನ್ನೇ ಜರಡಿ ಮಾಡಿಕೊಂಡವರು

ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕೈ ಚಾಚಿ ನಿಂತರೆ, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಆನ್ ಕಣ ಅಂಗೈಯನ್ನು ತೂರಿಕೊಂಡು ಹೋಗುತ್ತದೆ. ಮಾಲೂರಿನ ಹೆಂಚಿನ ಸೂರಿನಡಿ ಕುಳಿತರೂ ಅಷ್ಟೇ. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಈ ಕಣದ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದರೂ ಮುಕ್ಕಾಲು ಕಿಲೋಮೀಟರಿನೊಳಗೆ ಅಳಿಯಬೇಕಿತ್ತು. ಆದರೂ ಹತ್ತು-ಹದಿನೈದು ಕಿಲೋಮೀಟರ್ ಇಳಿದು ನೆಲ ಮುಟ್ಟುತ್ತದೆ. ಓಡುವ ಕಣದ ಕಾಲ ನಮ್ಮ ಲೆಕ್ಕಕ್ಕೆ ನಿಧಾನವಾಗುತ್ತದೆಂದು 1905ರಲ್ಲಿ ಐನ್‌ಸ್ಟೈನ್ ತೋರಿಸಿದ್ದರು. ಯಾವ ಮ್ಯೂಆನ್ ಯಾವ ಗಳಿಗೆಯಲ್ಲಿ ಅಳಿಯುತ್ತದೆಂಬುದು ಮಾತ್ರ ಕ್ವಾಂಟಮ್ ಸಂಭವನೀಯತೆಗೆ ಬಿಟ್ಟದ್ದು. ವಿಶೇಷ ಸಾಪೇಕ್ಷತೆ ಮತ್ತು ಕ್ವಾಂಟಮ್ ನಿಯಮ ಒಂದೇ ಕಣದಲ್ಲಿ ಹೊಂದಿಕೊಂಡಿವೆ.

ಕ್ವಾಂಟಮ್ ನಿಯಮಕ್ಕೆ ತಕರಾರಿರುವುದು 1915ರ ಸಾಮಾನ್ಯ ಸಾಪೇಕ್ಷತೆಯ ಜೊತೆ. ಗುರುತ್ವವೆಂದರೆ ದೇಶಕಾಲದ ಬಾಗುವಿಕೆ ಎನ್ನುತ್ತದೆ ಅದು. ಆ ಬಾಗುವಿಕೆಗೇ ಕ್ವಾಂಟಮ್ ನಿಯಮ ಹೂಡಿ ಅತಿ ಕಿರಿದಾದ ದೂರಗಳಿಗೆ ಹೋದರೆ ಉತ್ತರಗಳು ಅನಂತವಾಗಿ ಲೆಕ್ಕ ಕೈಕೊಡುತ್ತದೆ. ಆದರೆ ಎರಡರಲ್ಲೊಂದು ಸುಳ್ಳೆಂದು ತೋರಿಸುವ ಪ್ರಯೋಗ ಇದುವರೆಗೆ ಒಂದೂ ಇಲ್ಲ. ವಿರೋಧವೆಲ್ಲ ಕಾಗದದ ಮೇಲಿದೆ. ನಿಸರ್ಗದ ಬಲಗಳನ್ನು ಒಂದಾಗಿಸುವ ಇಂಥ ಪ್ರಶ್ನೆಗಳನ್ನು ಕಾಗದದಿಂದ ಎತ್ತಿ ಉಪಕರಣದ ಮುಂದಿಡುವುದೇ ಒಂದು ಕುಶಲ ಕಸುಬು. ಅದು ಪಳಗಿದ ಜಾಗಗಳಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯೂ ಒಂದು.

ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದಲ್ಲಿ, ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದು, ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್‌ಗಳನ್ನು ಎಣಿಸಿದರು. ಇಳಿದಷ್ಟೂ ಬಂಡೆ ಜರಡಿಯಂತೆ ಅವನ್ನು ತಡೆಯುತ್ತ ಹೋಯಿತು. ಮುಂದೆ ಅತ್ಯಂತ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದೂ ಸಿಗಲಿಲ್ಲ. ಬೇರೆಯವರು ನಿರಾಶರಾಗಬಹುದಾದ ಆ ಸೊನ್ನೆಯಲ್ಲಿ ಇವರು ಅವಕಾಶ ಕಂಡರು: ಇಷ್ಟು ನಿಶ್ಶಬ್ದವಿದ್ದರೆ, ಯಾವುದಕ್ಕೂ ಸುಲಭವಾಗಿ ತಗುಲದ ನ್ಯೂಟ್ರಿನೋ ಎಂಬ ಕಣವನ್ನು ಹಿಡಿಯಬಹುದು.

1965ರಲ್ಲಿ ಡರ್ಹ್ಯಾಮ್ ಮತ್ತು ಒಸಾಕಾ ವಿಜ್ಞಾನಿಗಳೊಂದಿಗೆ ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಹೂಡಿದರು. ನನಗೆ ತುಂಬ ಇಷ್ಟವಾಗುವುದು ಅದರ ಜೋಡಣೆ. ಆಕಾಶದ ಮ್ಯೂಆನ್ ಅಷ್ಟು ಆಳಕ್ಕೆ ಬರಬೇಕಾದರೆ ಹೆಚ್ಚುಕಡಿಮೆ ನೆಟ್ಟಗೆ ಮೇಲಿನಿಂದಲೇ ಬರಬೇಕು. ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಇನ್ನೂ ದಪ್ಪ. ನ್ಯೂಟ್ರಿನೋಗೆ ಬಂಡೆಯ ಲೆಕ್ಕವಿಲ್ಲ. ಯಾವ ದಿಕ್ಕಿನಿಂದಲಾದರೂ ಬಂದು, ಎಲ್ಲೋ ಅಪರೂಪಕ್ಕೆ ಬಂಡೆಯ ಪರಮಾಣುವೊಂದಕ್ಕೆ ತಗುಲಿ, ಮ್ಯೂಆನ್ ಹುಟ್ಟಿಸುತ್ತದೆ. ಹಾಗಾಗಿ ಮಿನುಗುವ ಪ್ಲಾಸ್ಟಿಕ್ ಹಲಗೆಗಳನ್ನು ನೆಲಕ್ಕೆ ಹಾಸದೆ ಎದುರುಬದುರು ಗೋಡೆಗಳಾಗಿ ನಿಲ್ಲಿಸಿದರು. ನಡುವೆ ನಿಯಾನ್ ತುಂಬಿದ ಗಾಜಿನ ಕೊಳವೆಗಳು. ಎರಡೂ ಗೋಡೆ ಒಟ್ಟಿಗೆ ಮಿನುಗಿದರೆ ಕೊಳವೆಗಳಿಗೆ ವಿದ್ಯುತ್ ಹರಿದು, ಕಣ ಹಾದ ದಾರಿ ಹೊಳೆದು ಫೋಟೋದಲ್ಲಿ ಮೂಡುತ್ತಿತ್ತು. ಅಡ್ಡಡ್ಡ ಗೆರೆ ಮೂಡಿದರೆ ಅದು ನ್ಯೂಟ್ರಿನೋ ಕೊಟ್ಟ ಗುರುತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಭೌತವಿಜ್ಞಾನಿ ಫ್ರೆಡರಿಕ್ ರೈನ್ಸ್ ಅವರ ತಂಡಕ್ಕೆ ಇಂಥ ಗುರುತು ಮೊದಲು ಕಂಡಿತ್ತು. ಆದರೆ ಆ ವರ್ಷದ ಆಗಸ್ಟ್‌ನಲ್ಲಿ ಮೊದಲು ಅಚ್ಚಾದದ್ದು ಕೋಲಾರದ ವರದಿ.

1980ರಲ್ಲಿ ಅದೇ ಆಳದಲ್ಲಿ ಇನ್ನೂ ದೊಡ್ಡ ಪ್ರಶ್ನೆ: ಪ್ರೋಟಾನ್ ಅಳಿಯುತ್ತದೆಯೇ? ಗುರುತ್ವ ಬಿಟ್ಟು ಉಳಿದ ಮೂರು ಬಲಗಳೂ ಮೂಲದಲ್ಲಿ ಒಂದೇ ಎನ್ನುವ ಸಿದ್ಧಾಂತಗಳು ಅಳಿಯುತ್ತದೆ ಎನ್ನುತ್ತಿದ್ದವು. 140 ಟನ್ ತೂಕದ ಉಪಕರಣದಲ್ಲಿ ಕಬ್ಬಿಣದ ಹಲಗೆಗಳ ನಡುವೆ ಸಾಲು ಸಾಲು ಅನಿಲದ ಕೊಳವೆಗಳಿದ್ದವು. ಅನುಮಾನ ಹುಟ್ಟಿಸುವ ಕೆಲವು ಗುರುತುಗಳು ಸಿಕ್ಕವು. ಆದರೆ ಜಪಾನಿನ ಗಣಿಯೊಂದರಲ್ಲಿ 50,000 ಟನ್ ನೀರು ತುಂಬಿ ಕಾಯುತ್ತಿರುವ ಸೂಪರ್-ಕಾಮಿಯೊಕಾಂಡೆಗೂ ಪ್ರೋಟಾನ್ ಅಳಿದದ್ದಕ್ಕೆ ಖಚಿತ ಸಾಕ್ಷಿ ಇನ್ನೂ ಸಿಕ್ಕಿಲ್ಲ.