ಕೆಜಿಎಫ್ ಗಣಿ ‘ಮತ್ತೆ ಆರಂಭ’: ನಂಬುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆಗಳು

“ಕೆಜಿಎಫ್ ಚಿನ್ನದ ಗಣಿ ಮತ್ತೆ ಆರಂಭ, ಸಾವಿರಾರು ಮಂದಿಗೆ ಕೆಲಸ!” ಚುನಾವಣೆ ಹತ್ತಿರವಾದಾಗ ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಬೆಳಗಿನ ಜಾವ ಮಾರಿಕುಪ್ಪಂ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರಿಗೆ ಇದು ಬರೀ ಸುದ್ದಿಯಲ್ಲ, ಊರಲ್ಲೇ ಬದುಕುವ ಆಸೆ. ಆಸೆ ದೊಡ್ಡದಾದಷ್ಟೂ ನಾವು ಪ್ರಶ್ನೆ ಕೇಳುವುದು ಕಡಿಮೆ. ಹಾಗಾಗಿ ಒಂದೊಂದಾಗಿ ನೋಡೋಣ.

1. ಯಾವ ಗಣಿ?
ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) 2001ರ ಫೆಬ್ರವರಿ 28ರಂದು ಮುಚ್ಚಿತು. ಆರಂಭದ ದಶಕಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಕೊನೆಗೆ ಅದು 5 ಗ್ರಾಂಗಿಂತ ಕೆಳಗಿಳಿಯಿತು. ಗಣಿಯ ಆಳ 3 ಕಿ.ಮೀ. ದಾಟಿತ್ತು, ಖರ್ಚು ಏರಿತ್ತು. ಪಂಪ್‌ಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ್ದು ಈ ಸುರಂಗಗಳಿಗಲ್ಲ. ಸುಮಾರು 1,000 ಎಕರೆಯಲ್ಲಿರುವ 13 ತ್ಯಾಜ್ಯ ದಿಬ್ಬಗಳಿಂದ, ಅಂದರೆ ನಾವು ‘ಸೈನೈಡ್ ಗುಡ್ಡ’ ಎನ್ನುವವುಗಳಿಂದ, ಚಿನ್ನ ತೆಗೆಯುವ ಪ್ರಸ್ತಾವಕ್ಕೆ. ಫಾರ್ವರ್ಡ್‌ಗಳಲ್ಲಿ ಎರಡೂ ಒಂದೇ ಆಗಿಬಿಡುತ್ತವೆ.

2. ಯಾರ ಕೈಯಲ್ಲಿದೆ?
ಬಿಜಿಎಂಎಲ್ ಕೇಂದ್ರ ಗಣಿ ಸಚಿವಾಲಯಕ್ಕೆ ಸೇರಿದ್ದು. ಗಣಿ ಗುತ್ತಿಗೆ ಕೊಡುವುದು ರಾಜ್ಯ. ಪರಿಸರ ಅನುಮತಿಯೂ ಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರ್‌ಗೆ ದಾರಿ ಮಾಡಿಕೊಟ್ಟ ಮೇಲೂ ಕಾರ್ಮಿಕರು ಮತ್ತೆ ಸುರಂಗಕ್ಕೆ ಇಳಿಯಲಿಲ್ಲ. ಹೀಗಿರುವಾಗ “ನಾನು ಗೆದ್ದರೆ ತೆರೆಸುತ್ತೇನೆ” ಎನ್ನುವವರಿಗೆ ಆ ಅಧಿಕಾರ ಇದೆಯೇ?

3. ದುಡ್ಡು ಎಲ್ಲಿಂದ?
“ಚಿನ್ನದ ಬೆಲೆ ಏರಿದೆಯಲ್ಲ” ಎನ್ನಬಹುದು. ನಿಜ, ಲೆಕ್ಕಾಚಾರ ಬದಲಾಗುತ್ತದೆ. ಆದರೆ ನೀರು ಹೊರಹಾಕುವ, ಸುರಂಗ ಭದ್ರಪಡಿಸುವ ಖರ್ಚನ್ನೂ ಕೂಡಿಸಬೇಕು. ಈಡೇರಿಸುವ ಹಣ ಹೇಗೆ ಬರುತ್ತದೆ ಎಂಬುದನ್ನು ಪ್ರಣಾಳಿಕೆಯಲ್ಲಿ ಸ್ಥೂಲವಾಗಿಯಾದರೂ ತಿಳಿಸಬೇಕು ಎಂದು ಚುನಾವಣಾ ಆಯೋಗದ ಮಾರ್ಗಸೂಚಿಯೇ ಹೇಳುತ್ತದೆ. ಹಾಗಾಗಿ ಈ ಪ್ರಶ್ನೆ ಅಧಿಕಪ್ರಸಂಗವಲ್ಲ.

4. ಎಷ್ಟು ಕೆಲಸ, ಯಾರಿಗೆ?
ಹಿಂದೆ ಸುರಂಗಗಳಲ್ಲಿ ಸಾವಿರಾರು ಜನ ದುಡಿಯುತ್ತಿದ್ದರು. ದಿಬ್ಬದ ಮಣ್ಣು ಸಂಸ್ಕರಿಸುವುದು ಬಹುಪಾಲು ಯಂತ್ರಗಳ ಕೆಲಸ. ಹಳೆಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಕಾಯಂ ನೌಕರಿಯೋ ಕಾಂಟ್ರಾಕ್ಟೋ, ಸ್ಥಳೀಯರಿಗೆಷ್ಟು, ಗುಡ್ಡ ಅಗೆಯುವಾಗ ಏಳುವ ಧೂಳಿಗೆ ಏನು ವ್ಯವಸ್ಥೆ ಎಂದೂ ಕೇಳಿ.

ಭರವಸೆಗಳೆಲ್ಲ ಸುಳ್ಳು ಎಂದಲ್ಲ. ಯಾರ ಅಧಿಕಾರ, ಎಷ್ಟು ಹಣ, ಯಾವ ವರ್ಷ ಎಂದು ಹೇಳಿದ ಭರವಸೆಯನ್ನು ಐದು ವರ್ಷದ ನಂತರ ತಾಳೆ ನೋಡಬಹುದು. ಏನೂ ಹೇಳದ್ದನ್ನು ಮುಂದಿನ ಚುನಾವಣೆಗೂ ಹಾಗೆಯೇ ಬಳಸಬಹುದು. ಮುಂದಿನ ಸಲ ಮೆಸೇಜ್ ಬಂದಾಗ ಈ ನಾಲ್ಕಕ್ಕೂ ಉತ್ತರ ಇದೆಯೇ ನೋಡಿ. ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ಮತ ಕೇಳಲು ಬಂದವರ ಮುಂದೆ ಅದೇ ಪ್ರಶ್ನೆಗಳನ್ನು ಇಡಿ.