ಸಣ್ಣ ನಾಣ್ಯಗಳ ನಿರ್ಗಮನ: ಸಂಗ್ರಾಹಕರು ಏನೆನ್ನುತ್ತಾರೆ?

ಇಪ್ಪತ್ತೈದು ಪೈಸೆ ಹಾಗೂ ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳು 2011ರ ಜೂನ್ 30ರಿಂದ ಕಾನೂನುಬದ್ಧ ಚಲಾವಣೆಯನ್ನು ಕಳೆದುಕೊಂಡವು. ಅಂದಿನಿಂದ 50 ಪೈಸೆಯೇ ನಮ್ಮ ಕನಿಷ್ಠ ನಾಣ್ಯ. ಕಾನೂನಿನ ದೃಷ್ಟಿಯಲ್ಲಿ ಅದು ಇಂದಿಗೂ ಜೀವಂತವಾಗಿದ್ದರೂ, ಪಡೀಲಿನ ಅಂಗಡಿಗಳ ಗಲ್ಲಾಪೆಟ್ಟಿಗೆಯಲ್ಲಾಗಲಿ ನಗರ ಬಸ್ಸುಗಳ ನಿರ್ವಾಹಕರ ಚೀಲದಲ್ಲಾಗಲಿ ಅದನ್ನು ಕಾಣುವುದು ದುರ್ಲಭ. ಇದನ್ನೂ ರದ್ದುಪಡಿಸಬಾರದೇಕೆ ಎಂದು ವ್ಯಾಪಾರಿ ಬಾಂಧವರು ಆಗಾಗ ಕೇಳುವುದುಂಟು. ಆದರೆ ನಾಣ್ಯ ಸಂಗ್ರಾಹಕರ ಅಭಿಪ್ರಾಯವನ್ನು ಕೇಳಿದವರು ವಿರಳ. ಪಡೀಲು, ಕಂಕನಾಡಿ ಪರಿಸರದ ಕೆಲವು ಹವ್ಯಾಸಿ ಸಂಗ್ರಾಹಕರು ನನ್ನ ಕಕ್ಷಿಗಾರರೂ ಆಗಿರುವುದರಿಂದ, ಅವರೊಡನೆ ನಡೆದ ಮಾತುಕತೆಯ ಸಾರವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಾಣ್ಯ ರದ್ದಾದರೆ ಅದರ ಬೆಲೆ ಏರುತ್ತದೆ, ಆದ್ದರಿಂದ ಸಂಗ್ರಾಹಕರಿಗೆ ಸಂತೋಷವೇ ಎಂಬುದು ಜನಸಾಮಾನ್ಯರ ನಂಬಿಕೆ. ಇದು ಸರಿಯಲ್ಲ. ಖಡ್ಗಮೃಗದ ಚಿತ್ರವಿರುವ ತುಕ್ಕುರಹಿತ ಉಕ್ಕಿನ ನಾಲ್ಕಾಣೆಯನ್ನು 1988ರಿಂದ ವರ್ಷಾನುಗಟ್ಟಲೆ ಹೇರಳವಾಗಿ ಟಂಕಿಸಲಾಗಿತ್ತು. ರದ್ದಾದ ಮಾತ್ರಕ್ಕೆ ಅದು ವಿರಳವಾಗಲಿಲ್ಲ. ಬೆಲೆಯನ್ನು ನಿರ್ಧರಿಸುವುದು ಇಸವಿ, ಟಂಕಸಾಲೆ ಮತ್ತು ನಾಣ್ಯದ ಸ್ಥಿತಿ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ವಜ್ರಾಕೃತಿಯಿದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುತ್ತೇವೆಂಬ ಜಾಹೀರಾತುಗಳನ್ನು ಕಂಡು ಮರುಳಾದವರು ನಮ್ಮಲ್ಲೂ ಇದ್ದಾರೆ. ರಿಸರ್ವ್ ಬ್ಯಾಂಕು ತನ್ನ ಹೆಸರಿನಲ್ಲಿ ಶುಲ್ಕ ಕೇಳುವ ಇಂತಹ ಕೊಡುಗೆಗಳ ವಿರುದ್ಧ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಪ್ರಕಟಿಸಿತ್ತು.

ಸಂಗ್ರಾಹಕರ ನಿಜವಾದ ಅಳಲು ಬೇರೆ. ರದ್ದತಿಯ ಆಜ್ಞೆ ಹೊರಟೊಡನೆ ನಾಣ್ಯಗಳು ಮೂಟೆಗಟ್ಟಿ ಬ್ಯಾಂಕು ಸೇರುತ್ತವೆ. ಹಾಗೆ ಹಿಂದಿರುಗಿದವುಗಳ ಗತಿ ಕುಲುಮೆಯೇ. ಸಾವಿರ ಸಾಮಾನ್ಯ ನಾಣ್ಯಗಳ ನಡುವೆ ಒಂದು ಅಪರೂಪದ್ದಿದ್ದರೆ ಅದೂ ಕರಗಿತು. ಲೋಹ ಹೋದುದಕ್ಕೆ ಅವರಿಗೆ ಚಿಂತೆಯಿಲ್ಲ, ದಾಖಲೆ ಹೋಯಿತೆಂಬುದೇ ನೋವು. ನಮ್ಮ ಒಂದು ಪೈಸೆಯ ಕಥೆಯನ್ನೇ ನೋಡಿ. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ಲೆಕ್ಕ ಹೋಗಿ ದಶಮಾನ ಪದ್ಧತಿ ಬಂದಾಗ ಅದು ಕಂಚಿನದು, ಹೆಸರು ನಯಾ ಪೈಸೆ. 1962ರಲ್ಲಿ ನಿಕಲ್-ಹಿತ್ತಾಳೆ. 1964ರಲ್ಲಿ 'ನಯಾ' ಎಂಬ ಪದ ಬಿದ್ದುಹೋಯಿತು. 1965ರಿಂದ ಅಲ್ಯೂಮಿನಿಯಂ. ಲೋಹದ ಬೆಲೆ ಏರಿದಂತೆಲ್ಲ ನಾಣ್ಯ ಹಗುರಾಗುತ್ತ ಬಂದ ಈ ಇತಿಹಾಸ, ಹಣದುಬ್ಬರದ ಯಾವ ಕೋಷ್ಟಕಕ್ಕಿಂತಲೂ ಸ್ಪಷ್ಟವಾದುದು ಎಂದು ಲೆಕ್ಕಪರಿಶೋಧಕನಾದ ನನಗೂ ತೋರುತ್ತದೆ. ಆರು ಮೂಲೆಯ ಮೂರು ಪೈಸೆಯನ್ನು ಇಂದಿನ ಎಷ್ಟು ಮಕ್ಕಳು ಕಂಡಿದ್ದಾರೆ?

ತುಳುನಾಡಿನ ಇತಿಹಾಸಕ್ಕಂತೂ ನಾಣ್ಯವು ಮುಖ್ಯ ಆಧಾರ. ಜೋಡಿ ಮೀನಿನ ಲಾಂಛನವುಳ್ಳ ಆಳುಪರ ಚಿನ್ನದ ನಾಣ್ಯಗಳೂ ಶಾಸನಗಳಲ್ಲಿ ಬರುವ ಬಾರಕೂರು, ಮಂಗಳೂರು ಗದ್ಯಾಣಗಳೂ ಈ ಕರಾವಳಿಯ ವಾಣಿಜ್ಯಕ್ಕೆ ಸಾಕ್ಷಿ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಕಾರ್ಪೊರೇಷನ್ ಬ್ಯಾಂಕು ನಾಣ್ಯ ಸಂಗ್ರಹಾಲಯವನ್ನು ತೆರೆದುದು ಔಚಿತ್ಯಪೂರ್ಣವಾಗಿತ್ತು. ಆ ಬ್ಯಾಂಕೇ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡಿತು ಎಂಬುದು ಬೇರೆ ಮಾತು.

ಹಾಗೆಂದು ಇವರು ರದ್ದತಿಯ ಕಟ್ಟಾ ವಿರೋಧಿಗಳಲ್ಲ. ಟಂಕಿಸುವುದನ್ನು ನಿಲ್ಲಿಸುವುದೇ ಬೇರೆ, ಚಲಾವಣೆಯ ಮಾನ್ಯತೆಯನ್ನು ಕಿತ್ತುಕೊಳ್ಳುವುದೇ ಬೇರೆ ಎಂಬುದು ಅವರ ವಾದ. ಕೆನಡಾ 2013ರ ಫೆಬ್ರವರಿಯಲ್ಲಿ ಒಂದು ಸೆಂಟಿನ ವಿತರಣೆಯನ್ನು ನಿಲ್ಲಿಸಿತು. ನಗದು ಪಾವತಿಯನ್ನು ಐದು ಸೆಂಟಿಗೆ ಸರಿಹೊಂದಿಸುವ ಕ್ರಮವನ್ನೂ ಜೊತೆಗೇ ಸೂಚಿಸಿತು. ನಾಣ್ಯದ ಮಾನ್ಯತೆಯನ್ನು ಮಾತ್ರ ಉಳಿಸಿಕೊಂಡಿತು. ಒಂದು ಸೆಂಟಿನ ತಯಾರಿಕೆಗೆ ಮೂರೂವರೆ ಸೆಂಟಿಗೂ ಮಿಕ್ಕಿ ವೆಚ್ಚವಾಗುತ್ತಿದ್ದ ಅಮೆರಿಕವು 2025ರ ನವೆಂಬರ್‌ನಲ್ಲಿ ಚಲಾವಣೆಗಾಗಿ ಅದನ್ನು ಟಂಕಿಸುವುದನ್ನು ಕೊನೆಗೊಳಿಸಿತು. ಅಲ್ಲಿಯೂ ಮಾನ್ಯತೆ ರದ್ದಾಗಿಲ್ಲ. ಈ ವಾದದಲ್ಲಿ ಹುರುಳಿದೆ. ಮಾನ್ಯತೆ ಉಳಿದರೆ ಬಡವರ ಡಬ್ಬಿಯ ಹಣವೂ ಉಳಿಯುತ್ತದೆ.

ಸದಸ್ಯರು ಗಮನಿಸಬೇಕಾದ ಕಾನೂನಿನ ಅಂಶವೊಂದಿದೆ. 2011ರ ನಾಣ್ಯ ಕಾಯಿದೆಯ 6ನೇ ಕಲಮಿನಂತೆ 50 ಪೈಸೆಯ ನಾಣ್ಯಗಳು ಹತ್ತು ರೂಪಾಯಿಯವರೆಗೆ, ಅಂದರೆ ಇಪ್ಪತ್ತು ಬಿಲ್ಲೆಗಳವರೆಗೆ, ಒಂದು ರೂಪಾಯಿ ಮತ್ತು ಮೇಲಿನವು ಸಾವಿರ ರೂಪಾಯಿಯವರೆಗೆ ಮಾನ್ಯ. ಆ ಮಿತಿಯೊಳಗೆ 'ಇದು ನಡೆಯುವುದಿಲ್ಲ' ಎಂದು ಗ್ರಾಹಕರನ್ನು ಹಿಂದೆ ಕಳುಹಿಸುವುದಕ್ಕೆ ಆಧಾರವಿಲ್ಲ. ಹತ್ತು ರೂಪಾಯಿ ನಾಣ್ಯದ ಬಗೆಗೂ ಇದೇ ವದಂತಿ ಹಬ್ಬಿತ್ತು. ಅದರ ಹದಿನಾಲ್ಕು ವಿನ್ಯಾಸಗಳೂ ಮಾನ್ಯವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸ್ಪಷ್ಟಪಡಿಸಬೇಕಾಯಿತು.

ಸಂಗ್ರಾಹಕರದು ನಮ್ಮಲ್ಲಿ ಒಂದು ವಿನಂತಿಯಿದೆ. ಹಳೆಯ ಅಂಗಡಿಗಳನ್ನು ನವೀಕರಿಸುವಾಗ ಗಲ್ಲಾಪೆಟ್ಟಿಗೆಯ ತಳದಲ್ಲಿ, ದೇವರ ಪಟದ ಹಿಂದೆ, ತೂಕದ ಬಟ್ಟುಗಳ ಡಬ್ಬಿಯಲ್ಲಿ ತೂತಿನ ಕಾಸುಗಳೂ ಅಲ್ಯೂಮಿನಿಯಂ ಪೈಸೆಗಳೂ ಸಿಗುತ್ತವೆ. ಗುಜರಿಗೆ ಹಾಕುವ ಮುನ್ನ ಇಸವಿಯನ್ನೂ ಅದರ ಕೆಳಗಿನ ಗುರುತನ್ನೂ ಭೂತಗನ್ನಡಿಯಲ್ಲೊಮ್ಮೆ ನೋಡಿ, ಬಲ್ಲವರಿಗೆ ತೋರಿಸಿರಿ ಎನ್ನುತ್ತಾರೆ ಅವರು.