ಕಾಫಿ ಕುಡಿದ ಲ್ಯಾಪ್‌ಟಾಪ್

ಮಗಳ ಕೆಲಸದ ಸಂದರ್ಶನಕ್ಕೆ ಮೂರೇ ದಿನ. ನನ್ನ ಕೈತಪ್ಪಿ ಲೋಟದ ಕಾಫಿಯೆಲ್ಲ ಅವಳ ಲ್ಯಾಪ್‌ಟಾಪಿನ ಮೇಲೆ! ತಕ್ಷಣ ಆಫ್ ಮಾಡಿ, ಚಾರ್ಜರ್ ಕಿತ್ತು, ಒರೆಸಿ, ತೆರೆದ ಹಾಗೇ ಟವೆಲಿನ ಮೇಲೆ ಬೋರಲು ಹಾಕಿ ಎರಡು ದಿನ ಫ್ಯಾನಿನ ಗಾಳಿಗಿಟ್ಟೆವು. ಬಿಸಿಲು, ಅಕ್ಕಿ ಡಬ್ಬ ಯಾವುದೂ ಬೇಡ. ಮೂರನೇ ಬೆಳಗ್ಗೆ ಪರದೆ ಬೆಳಗಿತು. ದನಿ ಮಾತ್ರ ಇಲ್ಲ!

ಗಾಬರಿಯಾಗಬೇಡಿ, ಸೋದರಿಯರೇ. ಮೊದಲು ಇಯರ್‌ಫೋನ್ ಹಾಕಿ ನೋಡಿ. ಅದರಲ್ಲಿ ಕೇಳಿಸಿದರೆ ಸ್ಪೀಕರ್ ಕೆಟ್ಟಿರಬಹುದು. ಇಲ್ಲವೇ ಇಯರ್‌ಫೋನಿನ ತೂತಿನಲ್ಲಿ ತೇವ ಉಳಿದು, ವೈರು ಸಿಕ್ಕಿಸಿದೆಯೆಂದೇ ಯಂತ್ರ ತಿಳಿದಿರಬಹುದು. ಅದರಲ್ಲೂ ಕೇಳಿಸದಿದ್ದರೆ ರಿಪೇರಿಯವರಿಗೇ ಕೊಡಿ. ಕಾಫಿ ಬಿತ್ತೆಂದು ಮುಚ್ಚಿಡದೆ ಹೇಳಿ. ಹಾಲು-ಸಕ್ಕರೆಯ ಅಂಟನ್ನು ಬಿಚ್ಚಿಯೇ ತೆಗೆಯಬೇಕು.

ನಮ್ಮದು ಇಯರ್‌ಫೋನಿನಲ್ಲಿ ಕೇಳಿಸಿತು. ಮಗಳು ಅದನ್ನೇ ಹಾಕಿಕೊಂಡು ಸಂದರ್ಶನ ಮುಗಿಸಿದಳು. ನನ್ನ ಲೋಟ ಮಾತ್ರ ಈಗ ಅಡುಗೆಮನೆ ಹೊಸ್ತಿಲು ದಾಟುವುದಿಲ್ಲ!